ಲೈಬೀರಿಯದ ಸ್ತ್ರೀಯರು ಮತ್ತು ಶಾಂತಿಯ ತರುವಾಯದ ಕಾರ್ಯ: ಒಂದು ಸಾಕ್ಷ್ಯಚಿತ್ರದ ವಿಮರ್ಶೆ

ಯುದ್ಧದಿಂದ ಜರ್ಜರಿತವಾದ ದೇಶಗಳ ಪುನರ್ನಿರ್ಮಾಣದಲ್ಲಿ ಸ್ತ್ರೀಪುರುಷ ಸಮಾನತೆಯ ಪ್ರಶ್ನೆ ಬಂದಾಗಲೆಲ್ಲ ಪಶ್ಚಿಮ ಆಫ್ರಿಕದ ಲೈಬೀರಿಯವನ್ನು ಉದಾಹರಿಸುವುದು ರೂಢಿಯಾಗಿದೆ. ಆ ಉದಾಹರಣೆಗೆ ಪ್ರಸಿದ್ಧಿ ತಂದುಕೊಟ್ಟ ಕೃತಿಗಳಲ್ಲಿ ಗಿನಿ ರೆಟಿಕರ್ ಅವರು ನಿರ್ದೇಶಿಸಿದ, 2008ರಲ್ಲಿ ತೆರೆಕಂಡ ‘ಪ್ರೇ ದ ಡೆವಿಲ್ ಬ್ಯಾಕ್ ಟು ಹೆಲ್’ ಎಂಬ ಸಾಕ್ಷ್ಯಚಿತ್ರ ಮುಖ್ಯವಾದುದು. ಅದರ ಗುಣವನ್ನು ಗುರುತಿಸಿ, ಅದು ಎಲ್ಲಿ ನಿಲ್ಲುವುದೋ ಅಲ್ಲಿಂದ ಮುಂದಿನ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

1989ರಲ್ಲಿ ಮೊದಲಾಗಿ, ನಡುವೆ ಕೆಲಕಾಲ ಶಮನಗೊಂಡು, 2003ರಲ್ಲಿ ಮುಗಿದ ಅಂತರ್ಯುದ್ಧಗಳಲ್ಲಿ ಸುಮಾರು 2,50,000 ಜನ ಮಡಿದರೆಂದು ಅಂದಾಜು. ಕೊನೆಯ ವರ್ಷದಲ್ಲಿ ಲೇಮಾ ಗ್ಬೋವಿ ಮೊದಲಾದವರ ಮುಂದಾಳುತನದಲ್ಲಿ ಕ್ರೈಸ್ತ ಸ್ತ್ರೀಯರೂ ಮುಸ್ಲಿಂ ಸ್ತ್ರೀಯರೂ ಒಂದಾಗಿ, ಬಿಳಿಯ ಉಡುಪು ಧರಿಸಿ, ಮೊನ್ರೋವಿಯ ನಗರದ ಮೀನುಪೇಟೆಯ ಬಳಿಯ ಬಯಲಿನಲ್ಲಿ ಬಿಸಿಲುಮಳೆಯೆನ್ನದೆ ಕುಳಿತರು. ಘಾನಾ ದೇಶದ ಅಕ್ರಾದಲ್ಲಿ ಸಂಧಾನವು ವಾರಗಟ್ಟಲೆ ಎಳೆದಾಡಿದಾಗ ಸಭಾಂಗಣದ ಬಾಗಿಲಿಗೆ ಅಡ್ಡಕುಳಿತು, ಪ್ರತಿನಿಧಿಗಳನ್ನು ಹೊರಬರಗೊಡಲಿಲ್ಲ. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. ಈ ಕಥೆಯನ್ನು ಚಿತ್ರವು ಬಹುಮಟ್ಟಿಗೆ ಆ ಸ್ತ್ರೀಯರ ಬಾಯಿಂದಲೇ ಹೇಳಿಸುತ್ತದೆ. ಯುದ್ಧದ ಇತಿಹಾಸವೆಂದರೆ ಸೇನಾನಿಗಳ ಇತಿಹಾಸವೆಂಬ ಭ್ರಮೆಯನ್ನು ಇಷ್ಟು ಸರಳವಾಗಿ ಕಳೆಯುವ ಕೃತಿಗಳು ವಿರಳ.

ಆದರೆ ಚಿತ್ರದ ಮುಕ್ತಾಯದ ವಿಷಯದಲ್ಲಿ ನಮಗೆ ಆಕ್ಷೇಪವುಂಟು. 2006ರ ಜನವರಿಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಅವರು ಆಫ್ರಿಕದಲ್ಲಿ ಜನರಿಂದ ಚುನಾಯಿತರಾದ ಪ್ರಥಮ ಮಹಿಳಾ ರಾಷ್ಟ್ರಾಧ್ಯಕ್ಷೆಯಾಗಿ ಅಧಿಕಾರ ವಹಿಸಿದ ದೃಶ್ಯವು ಹರಿಕಥೆಯ ಮಂಗಳದಂತೆ ಬರುತ್ತದೆ; ಹೋರಾಟ ಫಲಿಸಿತು, ಸಮಾನತೆ ಸಿದ್ಧಿಸಿತು ಎಂಬ ಭಾವ ಪ್ರೇಕ್ಷಕನಲ್ಲಿ ಉಳಿಯುತ್ತದೆ. ವಾಸ್ತವವಾಗಿ ಅಕ್ರಾದ ಬಾಗಿಲನ್ನು ಕಾಯ್ದ ಸ್ತ್ರೀಯರು ಒಳಗೆ ಚೌಕಾಶಿ ನಡೆಸಿದ ಪಕ್ಷಗಳಲ್ಲಿ ಒಂದಾಗಿರಲಿಲ್ಲ. ಸಂಧಿಕಾಲದ ಸರ್ಕಾರದ ಮಂತ್ರಿಪದವಿಗಳಲ್ಲಿ ಬಹುಪಾಲು ಕಾದಾಡಿದ ಪಕ್ಷಗಳಿಗೇ ಹಂಚಿಹೋದುವು. ಶಾಂತಿಯನ್ನು ಬೇಡಿದವರಿಗೆ ಗೌರವ, ಕೋವಿ ಹಿಡಿದವರಿಗೆ ಖಾತೆ! ಈ ವೈಪರೀತ್ಯವನ್ನು ಚಿತ್ರವು ವಿಚಾರಿಸುವುದಿಲ್ಲ.

ಇದಕ್ಕೆ ಕಾರಣವನ್ನು ಚಳವಳಿಯ ಮಾತಿನಲ್ಲಿಯೇ ಹುಡುಕಬೇಕು. ಆ ಸ್ತ್ರೀಯರು ಬಹುವಾಗಿ ತಾಯಂದಿರೆಂದೇ ಮಾತನಾಡಿದರು. ಆಪತ್ಕಾಲದಲ್ಲಿ ಅದಕ್ಕಿಂತ ಬಲವಾದ ಅಸ್ತ್ರವಿಲ್ಲವೆಂಬುದು ನಿರ್ವಿವಾದ. ಆದರೆ ತಾಯ್ತನದ ಅಧಿಕಾರವು ಆಪತ್ತಿನೊಡನೆಯೇ ಮುಗಿಯುತ್ತದೆ. ನೆಲ, ಕೂಲಿ, ಪದವಿಗಳ ಹಂಚಿಕೆಗೆ ಬೇಕಾದುದು ಪೂಜ್ಯತೆಯಲ್ಲ, ಹಕ್ಕು.

ನಿರಾಯುಧೀಕರಣದ ಕಾರ್ಯದಲ್ಲಿ ಇದು ಸ್ಪಷ್ಟವಾಗುವುದು. 2003ರ ಡಿಸೆಂಬರಿನಲ್ಲಿ ಅದು ಆರಂಭವಾದಾಗ ನಿರೀಕ್ಷಿಸಿದ್ದುದು ಸುಮಾರು 38,000 ಜನರನ್ನು; ಕೊನೆಗೆ ನೋಂದಾಯಿತರಾದವರು 1,03,000ಕ್ಕೆ ಮೇಲ್ಪಟ್ಟವರು, ಅವರಲ್ಲಿ 22,000ಕ್ಕೂ ಹೆಚ್ಚು ಮಂದಿ ಸ್ತ್ರೀಯರು. ಪಡೆಗಳೊಡನಿದ್ದ ಸ್ತ್ರೀಯರು ಆಯುಧವಿಲ್ಲದೆಯೂ ಬರಬಹುದೆಂಬ ನಿಯಮವಿದ್ದಿತು. ಆದರೂ ಅಪವಾದಭಯದಿಂದಲೂ ನಾಯಕರ ತಪ್ಪು ಮಾಹಿತಿಯಿಂದಲೂ ಅನೇಕರು ದೂರ ಉಳಿದರೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ 2008ರ ವರದಿ ತಿಳಿಸುತ್ತದೆ. ದೂರ ಉಳಿದವರಿಗೆ ಭತ್ಯವೂ ಇಲ್ಲ, ತರಬೇತಿಯೂ ಇಲ್ಲ. ಬಾಗಿಲು ತೆರೆದಿದ್ದರೆ ಸಾಲದು, ಬಾಗಿಲವರೆಗೆ ಬರುವ ದಾರಿಯೂ ನಿರ್ಭಯವಾಗಿರಬೇಕು.

ಇನ್ನೊಂದು ಪಕ್ಷದ ಸಾಧನೆಗಳನ್ನೂ ಹೇಳದಿರುವುದು ನ್ಯಾಯವಲ್ಲ. ಸಂಪ್ರದಾಯಬದ್ಧ ವಿವಾಹದ ಪತ್ನಿಗೂ ಗಂಡನ ಆಸ್ತಿಯಲ್ಲಿ ಉತ್ತರಾಧಿಕಾರ ಕೊಡುವ ಕಾನೂನು 2003ರಲ್ಲಿಯೇ ಬಂದಿತು; ಅದರ ಹಿಂದೆ ಮಹಿಳಾ ವಕೀಲರ ಸಂಘದ ಪರಿಶ್ರಮವಿದ್ದಿತು. ನಮ್ಮ ದೇಶದ ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳಾ ದಳವು 2007ರಿಂದ 2016ರವರೆಗೆ ಸರದಿಯಂತೆ ಮೊನ್ರೋವಿಯದಲ್ಲಿ ಕಾವಲು ನಡೆಸಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅಂಥ ದಳ ಅದೇ ಮೊದಲು. ಸಂಬಳ, ಸಮವಸ್ತ್ರ, ಹೊಣೆಗಾರಿಕೆಗಳೊಡನೆ ನಿಂತ ಸ್ತ್ರೀಯನ್ನು ಅಲ್ಲಿಯ ಜನ ದಿನದಿನವೂ ಕಂಡರು. ಇವು ಹಕ್ಕಿನ ಮಾರ್ಗದ ಹೆಜ್ಜೆಗಳು. ಕಣ್ಣೀರು ತರಿಸುವಂಥವಲ್ಲ, ಆದರೆ ಬಾಳುವಂಥವು. ಆ ಮಾರ್ಗ ಇನ್ನೂ ದೀರ್ಘವೆಂಬುದಕ್ಕೆ 2023ರ ಚುನಾವಣೆಯೇ ಸಾಕ್ಷಿ: ಕೆಳಮನೆಯ 73 ಸ್ಥಾನಗಳಲ್ಲಿ ಸ್ತ್ರೀಯರಿಗೆ ದೊರೆತುವು 8.

ಸಾಕ್ಷ್ಯಚಿತ್ರವೊಂದು ತನ್ನ ವಸ್ತುವಿಗೆ ಎಲ್ಲೆ ಹಾಕಿಕೊಳ್ಳುವುದು ತಪ್ಪೇ ಎಂದು ಕೇಳಬಹುದು. ಕಲಾಕೃತಿಗೆ ಆ ಸ್ವಾತಂತ್ರ್ಯವುಂಟು. ಆದರೆ ಅದೇ ಕೃತಿ ಪಠ್ಯವಾಗಿ, ಅಭಿವೃದ್ಧಿ ಕಾರ್ಯಕರ್ತರಿಗೆ ಮಾದರಿಯಾಗಿ ಪರಿಣಮಿಸಿದಾಗ, ಅದು ಹೇಳದೆ ಬಿಟ್ಟುದನ್ನು ಹೇಳುವ ಹೊಣೆ ಅಧ್ಯಾಪಕನ ಮೇಲೆ ಬೀಳುತ್ತದೆ. ಚಿತ್ರವನ್ನು ತೋರಿಸಿದ ತರಗತಿಯಲ್ಲಿ ಅಕ್ರಾದ ಒಪ್ಪಂದವನ್ನೂ 2003ರ ಉತ್ತರಾಧಿಕಾರದ ಕಾನೂನನ್ನೂ ಒಟ್ಟಿಗೆ ಓದಿಸಬೇಕೆಂಬುದು ನಮ್ಮ ಸೂಚನೆ. ಮೊದಲನೆಯದರಲ್ಲಿ ಪದವಿಗಳು ಯಾರಿಗೆ ಹಂಚಿಹೋದುವೆಂಬುದು ಕಾಣುವುದು; ಎರಡನೆಯದರಲ್ಲಿ, ಒಬ್ಬ ವಿಧವೆ ತನ್ನ ಹೊಲದ ಮೇಲೆ ಯಾವ ಆಧಾರದಿಂದ ನಿಲ್ಲಬಹುದೆಂಬುದು.