ಷಾರ್ಟ್‌ಕಟ್ ಕೀಲಿಗಳ ಪಟ್ಟಿ: ಒಂದು ವಿಮರ್ಶೆ

ಫೋಟೋ ತಿದ್ದುವ ಕೆಲಸ ಈಗ ಸ್ಟುಡಿಯೋದವರಿಗಷ್ಟೇ ಸೀಮಿತವಾಗಿಲ್ಲ. ಪರೀಕ್ಷಾ ಅರ್ಜಿ, ವಿದ್ಯಾರ್ಥಿವೇತನ, ಗುರುತಿನ ಚೀಟಿ, ಶಾಲಾ ಸಂಚಿಕೆ – ಹೀಗೆ ಒಂದಲ್ಲ ಒಂದು ನೆಪದಲ್ಲಿ ಅದು ಶಿಕ್ಷಕರ ಮೇಜಿಗೂ ಬಂದಿದೆ. ರೋಣ, ನರಗುಂದ, ಗಜೇಂದ್ರಗಡದಂತಹ ತಾಲ್ಲೂಕು ಕೇಂದ್ರಗಳಲ್ಲಿ ಶಾಲೆ ಮುಗಿಸಿದ ಯುವಕ ಯುವತಿಯರಿಗೆ ಊರಲ್ಲೇ ಸಿಗುವ ಕೆಲಸಗಳಲ್ಲಿ ಇದೂ ಒಂದು. ಈ ಕೆಲಸ ಕಲಿಯಲು ಹೋದವರ ಕೈಗೆ ಮೊದಲು ಬರುವುದು ನೂರಾರು ಷಾರ್ಟ್‌ಕಟ್ ಕೀಲಿಗಳ ಜೆರಾಕ್ಸ್ ಪಟ್ಟಿ. ‘ಇದನ್ನು ಬಾಯಿಪಾಠ ಮಾಡಿ, ಕೆಲಸದ ವೇಗ ತಾನಾಗಿ ಬರುತ್ತದೆ’ ಎಂಬ ಮಾತೂ ಅದರ ಜೊತೆಗೆ ಬರುತ್ತದೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ವಿಜ್ಞಾನ ಓದುವವರಾದ ನಾವು ಅದನ್ನು ಅಳೆದು ನೋಡಬೇಡವೇ?

ಅಳತೆ ಏನು ಹೇಳುತ್ತದೆ?

ಗಣಕ ಬಳಸುವವರ ಕೈಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುವ ವಿಧಾನವೊಂದನ್ನು ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ 1980ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಸಾಧಾರಣ ಬೆರಳಚ್ಚು ಬಲ್ಲವರಿಗೆ ಒಂದು ಕೀಲಿ ಒತ್ತಲು ಸುಮಾರು 0.28 ಸೆಕೆಂಡು, ಮೌಸ್‌ನಿಂದ ಒಂದು ಗುರಿ ಮುಟ್ಟಲು 1.1 ಸೆಕೆಂಡು, ಮನಸ್ಸಿನಲ್ಲಿ ನೆನಪಿಸಿಕೊಂಡು ಸಿದ್ಧವಾಗಲು 1.35 ಸೆಕೆಂಡು ಬೇಕು.

ಫೋಟೋಶಾಪ್‌ನಲ್ಲಿ ಬೆಳಕು-ನೆರಳನ್ನು ಸರಿಪಡಿಸುವ ಲೆವೆಲ್ಸ್ ಕಿಟಕಿಯನ್ನು ಮೆನುವಿನ ಮೂಲಕ ತೆರೆಯಲು ಮೂರು ಕಡೆ ಗುರಿಯಿಟ್ಟು ಮೂರು ಬಾರಿ ಗುಂಡಿ ಒತ್ತಬೇಕು. ಇದಕ್ಕೆ ಸುಮಾರು 4.1 ಸೆಕೆಂಡು. ಕಂಟ್ರೋಲ್ ಜೊತೆ ಎಲ್ ಒತ್ತಿದರೆ ಸುಮಾರು 0.6 ಸೆಕೆಂಡು ಸಾಕು. ಉಳಿತಾಯ ಹೆಚ್ಚುಕಡಿಮೆ ಮೂರೂವರೆ ಸೆಕೆಂಡು. ಪಟ್ಟಿಯ ಪರವಾಗಿ ಇದು ಬಲವಾದ ಸಾಕ್ಷ್ಯ ಎಂಬುದನ್ನು ಒಪ್ಪಬೇಕು.

ಆದರೆ ಈ ಉಳಿತಾಯ ದೊರೆಯುವುದು ಕೀಲಿ ಬೆರಳಿನ ನೆನಪಿನಲ್ಲಿದ್ದಾಗ ಮಾತ್ರ. ಮೆನುವಿನಲ್ಲಿ ಹೆಸರು ಕಣ್ಣಿಗೆ ಕಾಣುತ್ತದೆ, ಗುರುತಿಸಿದರೆ ಸಾಕು. ಕೀಲಿಯನ್ನಾದರೋ ನೆನಪಿಸಿಕೊಳ್ಳಬೇಕು. ‘ಯಾವುದಿತ್ತು?’ ಎಂದು ಎರಡು ಮೂರು ಬಾರಿ ಯೋಚಿಸಿದರೆ ಲಾಭವೆಲ್ಲ ಕರಗಿತು. ಗೋಡೆಯ ಪಟ್ಟಿ ನೋಡಲು ಎದ್ದರೆ ನಷ್ಟವೇ! ಆದ್ದರಿಂದ ದಿನಕ್ಕೆ ಹತ್ತಾರು ಬಾರಿ ಬೇಕಾಗುವ ಹತ್ತು ಹನ್ನೆರಡು ಕೀಲಿಗಳು ಕಲಿಯಲು ಯೋಗ್ಯ. ತಿಂಗಳಿಗೊಮ್ಮೆ ಬೇಕಾಗುವ ಎಂಬತ್ತು ಕೀಲಿಗಳ ಬಾಯಿಪಾಠ ವ್ಯರ್ಥ ಶ್ರಮ.

ಹಳೆಯ ಪಟ್ಟಿ, ಹೊಸ ತಂತ್ರಾಂಶ

ಪಟ್ಟಿಯ ಎರಡನೆಯ ದೋಷವೆಂದರೆ ಅದು ಯಾವ ತಂತ್ರಾಂಶದ ಯಾವ ಆವೃತ್ತಿಗೆ ಸೇರಿದ್ದೆಂದು ಹೇಳದಿರುವುದು. ಫೋಟೋಶಾಪ್‌ನಲ್ಲಿ ಬಹುಕಾಲ ಕಂಟ್ರೋಲ್-ಝಡ್ ಒತ್ತಿದರೆ ಕೊನೆಯ ಒಂದು ಹೆಜ್ಜೆ ಮಾತ್ರ ಹಿಂದೆ ಹೋಗುತ್ತಿತ್ತು. ಮತ್ತೆ ಒತ್ತಿದರೆ ಅದೇ ಹೆಜ್ಜೆ ಮರಳಿ ಬರುತ್ತಿತ್ತು. ಇನ್ನೂ ಹಿಂದೆ ಹೋಗಲು ಆಲ್ಟ್ ಕೀಲಿಯನ್ನೂ ಸೇರಿಸಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ ಬಂದ ಆವೃತ್ತಿಯಿಂದ ಕಂಟ್ರೋಲ್-ಝಡ್ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಹಳೆಯ ಪಟ್ಟಿ ಓದಿದ ವಿದ್ಯಾರ್ಥಿ ಇಲ್ಲಿ ಗೊಂದಲಕ್ಕೆ ಬೀಳುವುದು ಸಹಜ.

ಶಾಲೆಯ ಗಣಕದಲ್ಲಿ ಉಚಿತ ತಂತ್ರಾಂಶವಾದ ಗಿಂಪ್ ಇದ್ದರಂತೂ ಪಟ್ಟಿ ದಾರಿ ತಪ್ಪಿಸುತ್ತದೆ. ಫೋಟೋಶಾಪ್‌ನಲ್ಲಿ ಕಂಟ್ರೋಲ್-ಡಿ ಆಯ್ಕೆಯನ್ನು ಅಳಿಸುತ್ತದೆ. ಗಿಂಪ್‌ನಲ್ಲಿ ಅದೇ ಕೀಲಿ ಚಿತ್ರದ ಇನ್ನೊಂದು ಪ್ರತಿಯನ್ನು ತೆರೆಯುತ್ತದೆ. ಅಲ್ಲಿ ಕಂಟ್ರೋಲ್-ಟಿ ಚಿತ್ರವನ್ನು ಹಿಗ್ಗಿಸಿ ತಿರುಗಿಸಲು ಸಿದ್ಧಗೊಳಿಸುತ್ತದೆ. ಇಲ್ಲಿ ಆಯ್ಕೆಯ ಗೆರೆಯನ್ನು ಮರೆಮಾಡುತ್ತದೆ, ಆಯ್ಕೆ ಮಾತ್ರ ಹಾಗೇ ಇರುತ್ತದೆ. ‘ಕುಂಚ ಎಳೆದರೂ ಬಣ್ಣ ಹತ್ತುತ್ತಿಲ್ಲ ಸರ್’ ಎಂದು ವಿದ್ಯಾರ್ಥಿ ದೂರಿದರೆ ನೀವು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಯಾರ ಭಾಷೆಯ ನೆನಪು?

ಸಿ ಎಂದರೆ ಕ್ರಾಪ್, ಬಿ ಎಂದರೆ ಬ್ರಷ್ – ಇಂತಹ ಗುರುತುಗಳು ಇಂಗ್ಲಿಷ್ ಪದದ ಮೊದಲ ಅಕ್ಷರವನ್ನು ಅವಲಂಬಿಸಿವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಆ ಆಧಾರ ದುರ್ಬಲ. ಹಾಗೆಂದು ಎದೆಗುಂದಬೇಕಿಲ್ಲ. ಫೋಟೋಶಾಪ್‌ನಲ್ಲಿ ಚಿತ್ರ ಸರಿಸುವ ಮೂವ್ ಸಲಕರಣೆಗೆ ವಿ, ಕರ್ವ್ಸ್‌ಗೆ ಕಂಟ್ರೋಲ್-ಎಂ ಇರುವುದರಿಂದ ಇಂಗ್ಲಿಷ್ ಬಲ್ಲವರಿಗೂ ಎಲ್ಲ ಕಡೆ ಅಕ್ಷರ ನೆರವಾಗದು. ಝಡ್, ಎಕ್ಸ್, ಸಿ, ವಿ ಕೀಲಿಗಳು ಎಡಗೈ ಕೆಳಗೆ ಸಾಲಾಗಿ ಇರುವುದೇ ಅವುಗಳ ಅನುಕೂಲ. ಕೀಲಿಗಳನ್ನು ಅಕ್ಷರವಾಗಿ ಅಲ್ಲ, ಹಾರ್ಮೋನಿಯಂ ಮನೆಗಳಂತೆ ಸ್ಥಾನವಾಗಿ ಕಲಿಸಿ. ಭಾಷೆಯ ತೊಡಕು ಬಹುಪಾಲು ಇಲ್ಲವಾಗುತ್ತದೆ.

ಎರಡೂ ತಂತ್ರಾಂಶಗಳಲ್ಲಿ ಕೀಲಿಗಳನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಲು ಅವಕಾಶವಿದೆ. ‘ಕತ್ತರಿಸು’ ಕ್ರಿಯೆಗೆ ಕೆ ಕೀಲಿ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಹಲವರು ಬಳಸುವ ಗಣಕದಲ್ಲಿ ಇದು ಬೇಡ. ನಿಮ್ಮ ಅನುಕೂಲ ಮುಂದಿನವರಿಗೆ ತೊಂದರೆಯಾದೀತು. ಇನ್ನೊಂದು ಎಚ್ಚರಿಕೆ: ಅಕ್ಷರ ಬರೆಯುವ ಸಲಕರಣೆ ಚಾಲನೆಯಲ್ಲಿದ್ದಾಗ ಒಂಟಿ ಕೀಲಿ ಒತ್ತಿದರೆ ಆಜ್ಞೆ ನಡೆಯುವುದಿಲ್ಲ, ಚಿತ್ರದ ಮೇಲೆ ಆ ಅಕ್ಷರವೇ ಮೂಡುತ್ತದೆ. ಕನ್ನಡ ಕೀಲಿವಿನ್ಯಾಸ ಚಾಲನೆಯಲ್ಲಿದ್ದಾಗಲೂ ಕೆಲವು ತಂತ್ರಾಂಶಗಳಲ್ಲಿ ಒಂಟಿ ಕೀಲಿಗಳು ಸ್ಪಂದಿಸದಿರಬಹುದು.

ನಿಜವಾದ ಅಡ್ಡದಾರಿ

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ನೀವು ರೋಣದ ಒಂದು ಪ್ರೌಢಶಾಲೆಯಲ್ಲಿ 60 ವಿದ್ಯಾರ್ಥಿಗಳ ಭಾವಚಿತ್ರ ಸಿದ್ಧಪಡಿಸಬೇಕೆಂದುಕೊಳ್ಳಿ. ಪ್ರತಿ ಚಿತ್ರಕ್ಕೆ 2 ನಿಮಿಷ, ಒಟ್ಟು 2 ಗಂಟೆ. ಪ್ರತಿ ಚಿತ್ರಕ್ಕೆ ಐದು ಆಜ್ಞೆ ಬೇಕೆಂದರೆ ಕೀಲಿಗಳಿಂದ ಉಳಿಯುವುದು ಸುಮಾರು 18 ಸೆಕೆಂಡು. 60 ಚಿತ್ರಗಳಿಗೆ 18 ನಿಮಿಷ. ಆಜ್ಞೆ ಕೊಡಲು ಸಮಯವೇ ಬೇಡವೆಂದರೂ ಉಳಿತಾಯ 21 ನಿಮಿಷ ದಾಟದು. ಏಕೆಂದರೆ ಉಳಿದ ಹೊತ್ತು ಹೋಗುವುದು ಕಡತ ಹುಡುಕಲು, ಮುಖವನ್ನು ನಡುವಿಗೆ ತರಲು, ಬೆಳಕು ಸಾಕೇ ಎಂದು ನಿರ್ಧರಿಸಲು, ಹೆಸರು ಕೊಟ್ಟು ಉಳಿಸಲು. ಕೆಲಸದ ಒಂದು ಭಾಗವನ್ನಷ್ಟೇ ಚುರುಕುಗೊಳಿಸಿದರೆ ಒಟ್ಟು ಲಾಭಕ್ಕೆ ಮಿತಿಯಿದೆ ಎಂಬುದನ್ನು ಜೀನ್ ಆಮ್‌ಡಾಲ್ 1967ರಲ್ಲಿ ಗಣಕ ಸಂಸ್ಕಾರಕಗಳ ಸಂದರ್ಭದಲ್ಲಿ ವಿವರಿಸಿದ್ದರು. ಮನುಷ್ಯರ ಕೆಲಸಕ್ಕೂ ಅದು ಹೊಂದುತ್ತದೆ.

ಹಾಗಾದರೆ ದಾರಿ ಯಾವುದು? ಫೋಟೋ ತೆಗೆಯುವಾಗಲೇ ಶಿಸ್ತು ತನ್ನಿ. ಶಾಲೆಯ ಜಗಲಿಯ ನೆರಳಿನಲ್ಲಿ ಒಂದೇ ಜಾಗ, ಹಿಂದೆ ಬಿಳಿ ಬಟ್ಟೆ, ಕ್ಯಾಮೆರಾಕ್ಕೂ ಆಸನಕ್ಕೂ ಒಂದೇ ಅಂತರ, ಹಾಜರಿ ಸಂಖ್ಯೆಯ ಕ್ರಮ. ಎತ್ತರದ ವ್ಯತ್ಯಾಸಕ್ಕೆ ಕ್ಯಾಮೆರಾ ಕದಲಿಸಬೇಡಿ, ಆಸನವನ್ನು ಏರಿಸಿ ಇಳಿಸಿ. ಆಗ ಎಲ್ಲ ಚಿತ್ರಗಳಿಗೂ ಒಂದೇ ತಿದ್ದುಪಡಿ ಹೊಂದುತ್ತದೆ. ಉದಾಹರಣೆಗೆ 35 × 45 ಮಿಲಿಮೀಟರ್ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಲು 413 × 531 ಪಿಕ್ಸೆಲ್ ಬೇಕು. ಫೋಟೋಶಾಪ್‌ನ ‘ಆಕ್ಷನ್’ ಸೌಲಭ್ಯದಲ್ಲಿ ಒಮ್ಮೆ ಇದನ್ನೆಲ್ಲ ದಾಖಲಿಸಿ ‘ಬ್ಯಾಚ್’ ಮೂಲಕ ಇಡೀ ಕಡತಕೋಶಕ್ಕೆ ಅನ್ವಯಿಸಬಹುದು. ಗಿಂಪ್‌ನಲ್ಲಿ ಹೀಗೆ ದಾಖಲಿಸುವ ನೇರ ವ್ಯವಸ್ಥೆ ಇಲ್ಲ. ಅದು ಅದರ ದೊಡ್ಡ ಕೊರತೆ. ಆದರೆ ಇರ್ಫಾನ್‌ವ್ಯೂ ತೆರೆದು ಬಿ ಕೀಲಿ ಒತ್ತಿದರೆ ಸಾಮೂಹಿಕ ಪರಿವರ್ತನೆಯ ಕಿಟಕಿ ಸಿಗುತ್ತದೆ. ಅದೊಂದು ಕೀಲಿ ಪಟ್ಟಿಯ ಐವತ್ತು ಕೀಲಿಗಳಿಗೆ ಸಮ! ಫಲಿತಾಂಶವನ್ನು ಮಾತ್ರ ಬೇರೆ ಕಡತಕೋಶದಲ್ಲಿ ಉಳಿಸಿ. ಒಂದು ತಪ್ಪು ಆಜ್ಞೆ 60 ಮೂಲಚಿತ್ರಗಳನ್ನೂ ಕೆಡಿಸಬಲ್ಲದು.

ಗಜೇಂದ್ರಗಡ ನೇಯ್ಗೆಗೆ ಹೆಸರಾದ ಊರು. ಜಕಾರ್ಡ್ ಮಗ್ಗ ಕಂಡವರಿಗೆ ಈ ತತ್ತ್ವ ಹೊಸದಲ್ಲ. ರಂಧ್ರಗಳಿರುವ ಕಾರ್ಡುಗಳನ್ನು ಒಮ್ಮೆ ಸರಿಯಾಗಿ ಜೋಡಿಸಿದರೆ ಅದೇ ವಿನ್ಯಾಸ ಸೀರೆಯಿಂದ ಸೀರೆಗೆ ಮರುಕಳಿಸುತ್ತದೆ. ಬುದ್ಧಿ ಖರ್ಚಾಗುವುದು ಕಾರ್ಡು ಜೋಡಿಸುವಾಗ.

ಹಾಗಾಗಿ ಪಟ್ಟಿಯನ್ನು ಎಸೆಯಬೇಡಿ, ಜರಡಿ ಹಿಡಿಯಿರಿ. ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ನಿಲ್ಲುಗಡಿಯಾರ ಹಿಡಿದು ಹತ್ತು ಚಿತ್ರಗಳನ್ನು ಮೆನುವಿನಿಂದ, ಹತ್ತನ್ನು ಕೀಲಿಗಳಿಂದ, ಹತ್ತನ್ನು ಸಾಮೂಹಿಕ ವಿಧಾನದಿಂದ ತಿದ್ದಿಸಿ. ಸಮಯವನ್ನೂ ತಪ್ಪುಗಳನ್ನೂ ಬರೆದಿಡಿಸಿ. ಸ್ಟುಡಿಯೋದಲ್ಲಿ ದುಡಿಯಲಿರುವ ವಿದ್ಯಾರ್ಥಿಗೆ ನೂರು ಕೀಲಿಗಳ ಕಂಠಪಾಠಕ್ಕಿಂತ ತನ್ನ ಕೆಲಸದಲ್ಲಿ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಅಳೆಯುವ ಅಭ್ಯಾಸವೇ ಹೆಚ್ಚು ಕಾಲ ಅನ್ನ ಕೊಡುತ್ತದೆ. ತಂತ್ರಾಂಶ ಬದಲಾದಾಗ ಕೀಲಿಗಳು ಬದಲಾಗುತ್ತವೆ. ಅಳೆದು ನೋಡುವ ವಿಧಾನ ಬದಲಾಗುವುದಿಲ್ಲ.