ಮಾರಾಟಕ್ಕಿರುವ ಟಿಪ್ಸು

ತೂಕ ಏರಿಸಿದ ಕುದುರೆ 1,200 ಮೀಟರ್ ಓಟದಲ್ಲಿ ಎಷ್ಟು ಹಿಂದೆ ಬೀಳುತ್ತದೆ ಎಂಬ ಲೆಕ್ಕವನ್ನು ಈ ವಾರ ಬರೆಯುವವನಿದ್ದೆ. ಅದು ಕಾಯಲಿ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಪರಿಚಯದ ಹುಡುಗನೊಬ್ಬ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ‘ಎರಡು ರೇಸು ಕರೆಕ್ಟಾಗಿ ಹೇಳವ್ನೆ ಕಣಣ್ಣ. ಮೂರನೇದಕ್ಕೆ ಐದು ಸಾವ್ರ ಕೇಳ್ತಾವ್ನೆ, ಹಾಕ್ಲಾ?’ ಬೇಡ ಎಂದೆ. ಬಸ್ಸು ಹೊರಡುವುದರೊಳಗೆ ಕಾರಣ ವಿವರಿಸಲಾಗಲಿಲ್ಲ.

ಎರಡು ಸಲ ಸರಿ ಹೇಳಲು ಕುದುರೆಯ ಜ್ಞಾನವೇ ಬೇಕಿಲ್ಲ, ಫೋನ್ ನಂಬರುಗಳಿದ್ದರೆ ಸಾಕು. ಕೈಯಲ್ಲಿ 800 ನಂಬರುಗಳಿವೆ, ರೇಸಿನಲ್ಲಿ ಎಂಟು ಕುದುರೆಗಳಿವೆ ಎಂದುಕೊಳ್ಳಿ. ನೂರು ನೂರು ಜನರಿಗೆ ಒಂದೊಂದು ಕುದುರೆಯ ಹೆಸರು ಹೋಗುತ್ತದೆ. ಯಾವುದೇ ಗೆದ್ದರೂ ನೂರು ಜನರ ಪಾಲಿಗೆ ಅವನ ಮಾತು ನಿಜ. ಉಳಿದ 700 ಜನರಿಗೆ ಮತ್ತೆ ಮೆಸೇಜೇ ಬರುವುದಿಲ್ಲ. ಮುಂದಿನ ರೇಸಿನಲ್ಲಿ ಹತ್ತು ಕುದುರೆಗಳಿದ್ದರೆ ಈ ನೂರು ಜನರನ್ನು ಹತ್ತು ಪಾಲು ಮಾಡುತ್ತಾನೆ. ಹತ್ತು ಜನರಿಗೆ ಎರಡೂ ಸರಿಯಾಗುತ್ತದೆ. ನಮ್ಮ ಹುಡುಗ ಆ ಹತ್ತರಲ್ಲೊಬ್ಬ. ತನ್ನ ಫೋನಿನ ಎರಡು ಮೆಸೇಜು ಅವನಿಗೆ ಕಾಣುತ್ತವೆ, ಉಳಿದ 790 ಫೋನುಗಳು ಕಾಣುವುದಿಲ್ಲ. ಐದು ಸಾವಿರದ ಬೇಡಿಕೆ ಆ ಹತ್ತು ಜನರಿಗೆ ಮಾತ್ರ ಬರುತ್ತದೆ.

ಸೋತ ಟಿಪ್ಸ್ ಅಳಿಸಿ ಗೆದ್ದದ್ದನ್ನಷ್ಟೇ ಗ್ರೂಪಿನಲ್ಲಿ ಉಳಿಸುವವರು, ಒಂದೇ ರೇಸಿಗೆ ಮೂರು ಕುದುರೆ ಹೇಳಿ ಮೂರರಲ್ಲೊಂದು ಬಂದಾಗ ಎದೆ ತಟ್ಟಿಕೊಳ್ಳುವವರು ಹಳಬರಿಗೆ ಗೊತ್ತೇ ಇದ್ದಾರೆ.

ನನ್ನ ಹಳೆಯ ಜಗಳ ಇವರಿಗಿಂತ ಹೆಚ್ಚಾಗಿ ‘ಒಳಸುದ್ದಿ’ ಪಂಥದವರ ಜತೆ. ಲಾಯದಿಂದಲೇ ಬಂದ ಸುದ್ದಿ, ಜಾಕಿಯೇ ಹೇಳಿದ್ದು, ಇವತ್ತು ಈ ಕುದುರೆಯನ್ನು ಬಿಡುತ್ತಾರೆ ಎನ್ನುವ ಇವರು ಟೋಟಿನ ಲೆಕ್ಕವನ್ನು ಒಮ್ಮೆಯಾದರೂ ಕೂತು ಹಾಕಬೇಕು. ವಿನ್ ಪೂಲಿನಲ್ಲಿ ಹತ್ತು ಲಕ್ಷ ರೂಪಾಯಿ ಬಿದ್ದಿದೆ, ಕಡಿತ ಶೇ 20 ಎಂದಿಟ್ಟುಕೊಳ್ಳೋಣ. ಹಂಚಲು ಉಳಿದದ್ದು ಎಂಟು ಲಕ್ಷ. ಗೆದ್ದ ಕುದುರೆಯ ಮೇಲೆ ಒಂದು ಲಕ್ಷ ಬಿದ್ದಿದ್ದರೆ ಹತ್ತು ರೂಪಾಯಿಗೆ 80 ಸಿಗುತ್ತದೆ. ಅದೇ ಕುದುರೆಯ ಮೇಲೆ ಟಿಪ್ಸ್ ಕೇಳಿದವರು ಇನ್ನೊಂದು ಲಕ್ಷ ಸುರಿದರೆ? ಪೂಲು ಹನ್ನೊಂದು ಲಕ್ಷ, ಹಂಚುವುದು 8.8 ಲಕ್ಷ, ಅದಕ್ಕೆ ಪಾಲುದಾರರು ಎರಡು ಲಕ್ಷದವರು. ಹತ್ತು ರೂಪಾಯಿಗೆ 44! ಬುಕ್ಕಿಯ ಬೋರ್ಡಿನಲ್ಲೂ ಅಷ್ಟೇ, ದುಡ್ಡು ಹರಿದು ಬಂದ ಕುದುರೆಯ ದರ ಕಣ್ಣೆದುರೇ ಇಳಿಯುತ್ತದೆ. ನಿಜವಾದ ಸುದ್ದಿ ಇದ್ದವನಿಗೆ ಅದನ್ನು ಹೇಳಿದಷ್ಟೂ ನಷ್ಟ. ಆದ್ದರಿಂದ ಮಾರಾಟಕ್ಕೆ ಬಂದ ಸುದ್ದಿಯನ್ನು ನಾನು ಕೇಳಿಸಿಕೊಳ್ಳುವುದೇ ಇಲ್ಲ.

ತೆರಿಗೆ ಈ ದಂಧೆಗೆ ಇನ್ನಷ್ಟು ಇಂಬು ಕೊಟ್ಟಿದೆ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ‘ಟ್ಯಾಕ್ಸ್ ಇಲ್ಲ, ನನ್ನ ಕೈಗೆ ಕೊಡಿ’ ಎನ್ನುವ ಪರವಾನಗಿ ಇಲ್ಲದ ಬುಕ್ಕಿಗೆ ಗಿರಾಕಿ ಹಿಡಿದು ಕೊಡುವವನೂ ಬಹಳ ಸಲ ಇದೇ ಟಿಪ್ಸ್‌ನವನೇ. ಅಲ್ಲಿ ದುಡ್ಡು ಮುಳುಗಿದರೆ ಠಾಣೆಗೆ ಹೋಗಿ ಹೇಳಿಕೊಳ್ಳುವ ಬಾಯಿಯೂ ಇರುವುದಿಲ್ಲ.

ಪಂಟರುಗಳ ಪಾಲಿಗೆ ಶಾಸ್ತ್ರಗ್ರಂಥವೆಂದರೆ ನನ್ನ ಪ್ರಕಾರ 1996ರ ಜನವರಿಯ ಲಕ್ಷ್ಮಣನ್ ಪ್ರಕರಣದ ತೀರ್ಪು. ಕುದುರೆ ಪಂದ್ಯದಲ್ಲಿ ಅದೃಷ್ಟಕ್ಕಿಂತ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ಕುದುರೆಯ ಹುಟ್ಟು ಸಾಮರ್ಥ್ಯ, ತರಬೇತಿ, ಜಾಕಿಯ ಕಸುಬು, ಹೊರುವ ತೂಕ, ಓಡುವ ದೂರ ಇವೆಲ್ಲ ಅಳೆದು ನೋಡಬಹುದಾದವು ಎಂಬುದು ಅಲ್ಲಿನ ತರ್ಕ. ಟಿಪ್ಸ್ ಕೊಳ್ಳುವವನು ಇವುಗಳಲ್ಲಿ ಒಂದನ್ನೂ ಅಳೆಯುವುದಿಲ್ಲ. ಕೋರ್ಟು ಎತ್ತಿ ಹಿಡಿದ ಆಟವನ್ನು ಅವನು ಆಡುತ್ತಲೇ ಇಲ್ಲ.

ಆ ಮೊಕದ್ದಮೆ ಮದರಾಸ್ ರೇಸ್ ಕ್ಲಬ್ಬಿನದು. ಊಟಿಯ ರೇಸು ನಡೆಸುತ್ತಿದ್ದವರೂ ಅವರೇ. ಊಟಿ ಎಂದ ಮೇಲೆ ತೂಕದ ಲೆಕ್ಕವಿರಲಿ, ಟಿಪ್ಸ್‌ನವನೂ ಹಿಂದೆ ಸರಿಯಲಿ. ಗುಂಡ್ಲುಪೇಟೆಯವರಿಗೆ ಉತ್ತರಕ್ಕೆ ಚಾಮುಂಡಿ ಬೆಟ್ಟದ ಬುಡದಲ್ಲಿ ಮೈಸೂರು ರೇಸ್ ಕ್ಲಬ್, ದಕ್ಷಿಣಕ್ಕೆ ಬಂಡೀಪುರ ದಾಟಿ ಊಟಿ. ಎರಡು ಟ್ರ್ಯಾಕುಗಳ ನಡುವಿನ ಊರು ನಮ್ಮದು. ಬೇಸಿಗೆ ಸೀಸನ್‌ನಲ್ಲಿ ಬೆಳಗಿನ ಬಸ್ಸಿಗೆ ಹೋದವರು ರಾತ್ರಿ ಒಂಬತ್ತಕ್ಕೆ ಚೆಕ್‌ಪೋಸ್ಟ್ ಮುಚ್ಚುವುದರೊಳಗೆ ಕಾಡು ದಾಟಬೇಕಿತ್ತು. ಆದರೂ ಹೋಗುತ್ತಿದ್ದರು. 2024ರ ಜುಲೈನಲ್ಲಿ ಗುತ್ತಿಗೆ ಬಾಕಿಯ ಕಾರಣಕ್ಕೆ ತಮಿಳುನಾಡು ಸರ್ಕಾರ ಆ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಬಾಕಿ ಬಾಕಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಕಡೆಯವರು ಕುದುರೆಯನ್ನು ಹತ್ತಿರದಿಂದ ನೋಡುವ ಒಂದು ಜಾಗ ಹೋಯಿತು, ನನ್ನ ಸಂಕಟ ಅದು. ನೋಡಲು ಸಿಗದವರೇ ಫೋನಿಗೆ ಕಿವಿ ಕೊಡುತ್ತಾರೆ.

ಇನ್ನು ಮೈಸೂರೇ ಗತಿ. 1891ರಿಂದ ಇರುವ ಕ್ಲಬ್ಬು, ಒಂದೂವರೆ ಗಂಟೆಯ ದಾರಿ. ಹುಡುಗನಿಗೆ ಹೇಳಿದ್ದೇನೆ, ಆ ಐದು ಸಾವಿರ ಮನೆಯಲ್ಲಿರಲಿ, ಬಸ್ ಚಾರ್ಜು, ಟಿಕೆಟ್ಟು, ರೇಸ್ ಬುಕ್ಕಿಗೆ ಆಗುವಷ್ಟು ತಂದರೆ ಸಾಕು. ಮೊದಲ ದಿನ ದುಡ್ಡು ಕಟ್ಟುವುದು ಬೇಡ, ಪ್ಯಾಡಕ್ ಕಟಕಟೆಗೆ ಒರಗಿ ನಿಲ್ಲೋಣ. ಹಿಂಗಾಲು ಮುಂಗಾಲಿನ ಗೊರಸಿನ ಗುರುತನ್ನು ದಾಟಿ ಬೀಳುತ್ತಿದೆಯೇ, ತೊಡೆಸಂದಿಯಲ್ಲಿ ಬಿಳಿ ನೊರೆ ಕಟ್ಟಿದೆಯೇ, ಸೈಸ್ ಹಗ್ಗ ಸಡಿಲ ಬಿಟ್ಟಾಗಲೂ ತಲೆ ನೇರ ಇದೆಯೇ, ನೋಡಿದ್ದನ್ನೆಲ್ಲ ರೇಸ್ ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಲಿ. ಅವನ ಮೊಬೈಲಿನ ಆಸಾಮಿ ಆ ದಿನ ಕಳಿಸಿದ ಹೆಸರುಗಳನ್ನೂ ಪಕ್ಕದಲ್ಲೇ ಬರೆದಿಟ್ಟು ಸಂಜೆ ಎರಡನ್ನೂ ಫಲಿತಾಂಶದ ಜತೆ ತಾಳೆ ನೋಡುತ್ತೇವೆ.