ಹಸಿರು ಚುಕ್ಕಿ ಹೇಳದ ಮಾತು

ಮಾಂಸ ಕಡಿಮೆ ಮಾಡಿ, ತಿನ್ನುವುದಾದರೆ ನೆಮ್ಮದಿಯಾಗಿ ಬಾಳಿದ ಪ್ರಾಣಿಯದನ್ನೇ ತಿನ್ನಿ ಎಂಬ ಈಚಿನ ಬುದ್ಧಿವಾದದಲ್ಲಿ ಮೊದಲ ಅರ್ಧ ನಮಗೆ ಹೊಸದೇನಲ್ಲ. 2021ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯಲ್ಲಿ ತಾವು ಸಸ್ಯಾಹಾರಿಗಳು ಎಂದ ಭಾರತೀಯರು ಶೇ 39. ಒಂದಲ್ಲ ಒಂದು ಬಗೆಯಲ್ಲಿ ಮಾಂಸಕ್ಕೆ ಮಿತಿ ಹಾಕಿಕೊಂಡವರು ಶೇ 81. ಸೋಮವಾರ ಬೇಡ, ಶನಿವಾರ ಬೇಡ, ಶ್ರಾವಣ ಕಳೆಯುವತನಕ ಬೇಡ, ಮನೆಯೊಳಗೆ ಬೇಡ, ಹೊರಗಾದರೆ ಅಡ್ಡಿಯಿಲ್ಲ: ಇಂಥ ಲೆಕ್ಕಾಚಾರ ಕನ್ನಡದ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. (ಹೊಸತೊಡಕಿನ ಬಾಡಿಗೆ ಅಷ್ಟು ರುಚಿ ಬರುವುದರಲ್ಲಿ ಹಿಂದಿನ ದಿನದ ಯುಗಾದಿಯ ಹೋಳಿಗೆಯ ಪಾಲೂ ಇದೆ.) ಆದರೆ ಈ ಸಂಯಮವೆಲ್ಲ ತಿನ್ನುವವನ ಮಡಿ, ವ್ರತ, ಹರಕೆಗಳಿಗೆ ಸಂಬಂಧಿಸಿದ್ದು. ತಟ್ಟೆಗೆ ಬರುವ ಮುಂಚೆ ಆ ಪ್ರಾಣಿ ಹೇಗೆ ಬದುಕಿತ್ತು ಎಂದು ಅದು ಕೇಳುವುದೇ ಇಲ್ಲ. ಬುದ್ಧಿವಾದದ ಎರಡನೆಯ ಅರ್ಧ ಕೇಳುವುದು ಅದನ್ನೇ. ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡರೆ ಬೆರಳು ಮೊದಲು ತೋರುವುದು ಮಟನ್ ಅಂಗಡಿಯತ್ತ ಅಲ್ಲ, ಮೊಟ್ಟೆಯ ಟ್ರೇ ಮತ್ತು ಹಾಲಿನ ಪ್ಯಾಕೆಟ್ಟಿನತ್ತ ಎಂಬುದು ನನ್ನ ವಾದ.

ಮೊಟ್ಟೆಯಿಂದಲೇ ಶುರುಮಾಡೋಣ. 1964ರಲ್ಲಿ ರೂತ್ ಹ್ಯಾರಿಸನ್ ತಮ್ಮ 'ಅನಿಮಲ್ ಮೆಷಿನ್ಸ್' ಪುಸ್ತಕದಲ್ಲಿ ಕಾರ್ಖಾನೆ ಮಾದರಿಯ ಸಾಕಣೆಯನ್ನು ಬಯಲಿಗೆಳೆದ ಮೇಲೆ ಬ್ರಿಟನ್ ಸರ್ಕಾರ ಬ್ರಾಂಬೆಲ್ ಸಮಿತಿಯನ್ನು ನೇಮಿಸಿತು. ಸಾಕಿದ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ತೀಡಿಕೊಳ್ಳಲು, ಕೈಕಾಲು ಚಾಚಲು ಜಾಗವಿರಬೇಕು ಎಂದು ಆ ಸಮಿತಿ 1965ರಲ್ಲಿ ಹೇಳಿತು. ಕೇಳಿದ್ದು ಇಷ್ಟೇ. ಪಂಜರದ ಲೇಯರ್ ಕೋಳಿಗೆ ಇಷ್ಟೂ ಇಲ್ಲ. ಅದು ವರ್ಷಕ್ಕೆ ಮುನ್ನೂರರಷ್ಟು ಮೊಟ್ಟೆ ಇಡುತ್ತದೆ, ಆದರೆ ಗೂಡು ಮಾಡಿ ಇಡಲಾರದು. ಕಾಲ ಕೆಳಗೆ ತಂತಿಜಾಲ ಇರುವುದರಿಂದ ನೆಲ ಕೆದಕಲಾರದು, ಮಣ್ಣಿನಲ್ಲಿ ಹೊರಳಲಾರದು. ಇದರ ಜೊತೆ ಹುಟ್ಟಿದ ಹುಂಜದ ಮರಿಗಳು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಲಾಭವಾಗುವಂತೆ ಬೆಳೆಯುವುದಿಲ್ಲ. ಹಾಗಾಗಿ ಹ್ಯಾಚರಿಯಲ್ಲೇ ಮೊದಲ ದಿನ ಅವುಗಳ ಕತೆ ಮುಗಿಯುತ್ತದೆ. ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ಅಪರಾಧ ಎಂದು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಹೇಳುತ್ತದೆ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಸಿವು, ನೋವು, ಭಯಗಳಿಂದ ಮುಕ್ತಿಯಂಥ ಪ್ರಾಣಿಗಳ 'ಐದು ಸ್ವಾತಂತ್ರ್ಯ'ಗಳನ್ನು ಎತ್ತಿಹಿಡಿಯಿತು. ಗೂಳಿಯ ಬಗ್ಗೆ ದೇಶವೆಲ್ಲ ಮಾತಾಡಿತು, ಕೋಳಿಯ ಬಗ್ಗೆ ಯಾರೂ ಬೀದಿಗಿಳಿಯಲಿಲ್ಲ. ಕೊನೆಗೆ 2023ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದು ಪಂಜರದಲ್ಲಿ ಕೋಳಿಯೊಂದಕ್ಕೆ 550 ಚದರ ಸೆಂಟಿಮೀಟರ್ ಎಂದು ಗೊತ್ತುಮಾಡಿತು. ಒಂದು ಎ4 ಹಾಳೆಗಿಂತ ಕಡಿಮೆ. ಐರೋಪ್ಯ ಒಕ್ಕೂಟ 1999ರಲ್ಲಿ ತಾತ್ಕಾಲಿಕವಾಗಿ ಒಪ್ಪಿಕೊಂಡು, 2012ರಲ್ಲಿ ಆ ಬಗೆಯ ಪಂಜರವನ್ನೇ ನಿಷೇಧಿಸಿ ಕೈಬಿಟ್ಟ ಅಳತೆ ಇದು. ಅವರು ದಾಟಿಹೋದ ಮೆಟ್ಟಿಲನ್ನು ನಾವು ಗುರಿ ಎಂದುಕೊಂಡಿದ್ದೇವೆ.

ಇನ್ನು ಮಾಂಸ. ಡಾಕ್ಟರು ಮಟನ್ ಬಿಡಿ, ಚಿಕನ್ ಪರವಾಗಿಲ್ಲ ಎನ್ನುತ್ತಾರೆ. ಹವಾಮಾನದ ಚಿಂತಕರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ, ಏಕೆಂದರೆ ಮೆಲುಕು ಹಾಕುವ ಪ್ರಾಣಿಗಳು ಮೀಥೇನ್ ಬಿಡುತ್ತವೆ. ಆ ಮಾತು ಸುಳ್ಳಲ್ಲ. ಆದರೆ ಪ್ರಾಣಿಯ ಕಡೆಯಿಂದ ಎಣಿಸಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಒಂದು ಕುರಿಯಿಂದ ಹತ್ತು ಹನ್ನೆರಡು ಕೆಜಿ ಮಾಂಸ ಸಿಕ್ಕರೆ ಬ್ರಾಯ್ಲರಿನಿಂದ ಸಿಗುವುದು ಒಂದೂವರೆ ಕೆಜಿ. ಒಂದು ಕುರಿ ಉಳಿಸಿದವನು ಏಳೆಂಟು ಕೋಳಿಗಳನ್ನು ಕೊಂದಂತಾಯಿತು. ಅದೂ ಎಂಥ ಬದುಕಿನ ಬದಲಿಗೆ ಎಂಥದ್ದು! ಕರ್ನಾಟಕದಲ್ಲಿ ಒಂದು ಕೋಟಿಗೂ ಹೆಚ್ಚು ಕುರಿಗಳಿವೆ. ಬನ್ನೂರು ಕುರಿಯಿರಲಿ, ಬಯಲುಸೀಮೆಯ ಡೆಕ್ಕನಿಯಿರಲಿ, ಅವುಗಳಲ್ಲಿ ಬಹುಪಾಲು ಉಳುಮೆಗೆ ಬಾರದ ನೆಲದಲ್ಲಿ, ಕೊಯ್ದ ಹೊಲಗಳಲ್ಲಿ ಹಿಂಡಿನೊಂದಿಗೆ ಮೇದು ಬೆಳೆಯುತ್ತವೆ. ಬ್ರಾಯ್ಲರ್ ಆರು ವಾರದಲ್ಲಿ ಎರಡು ಕೆಜಿ ತೂಗಬೇಕು. ಮೈ ಬೆಳೆಯುವ ವೇಗಕ್ಕೆ ಕಾಲು ತಡೆಯದೆ ಕುಂಟುವ ಹಕ್ಕಿಗಳು ಆ ಶೆಡ್ಡುಗಳಲ್ಲಿ ಮಾಮೂಲು. ದೇಶದ ಮಾಂಸೋತ್ಪಾದನೆಯಲ್ಲಿ ಅರ್ಧದಷ್ಟು ಈಗ ಕೋಳಿಯದೇ. ಹಾಗಾಗಿ 'ಕಡಿಮೆ' ಎಂಬುದಕ್ಕೆ ಇಲ್ಲಿ ಅರ್ಥ ಬರಬೇಕಾದರೆ ಅದು ಮೊದಲು ಕಬಾಬು, ಬಿರಿಯಾನಿಗಳ ದಿನನಿತ್ಯದ ಚಿಕನ್ನಿಗೆ ಅನ್ವಯಿಸಬೇಕು, ಹಬ್ಬದ ಮಟನ್ನಿಗಲ್ಲ.

ಹಾಲಿನ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ಇರುತ್ತದೆ. ಒಳಗಿರುವುದು ಸಸ್ಯಾಹಾರ ಹೌದೋ ಅಲ್ಲವೋ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಹಸು ಕರು ಹಾಕದೆ ಹಾಲಿಲ್ಲ, ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದಮೇಲೆ ಮಿಶ್ರತಳಿಯ ಗಂಡುಕರುವಿಗೆ ಕೊಟ್ಟಿಗೆಯಲ್ಲಿ ಕೆಲಸವಿಲ್ಲ. ಕರ್ನಾಟಕದ 2020ರ ಕಾಯ್ದೆ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟು ದನಗಳ ವಧೆಯನ್ನು ಪೂರ್ತಿ ನಿಷೇಧಿಸಿತು. ಬೇಡವಾದ ಕರುವನ್ನು ಸಾಕುವ ಖರ್ಚು ಮಾತ್ರ ಹಾಲು ಕುಡಿಯುವವರ ತಲೆಗೆ ಬರದೆ ರೈತನ ಮೇಲೇ ಉಳಿಯಿತು. ಹಾಲು, ಮೊಸರು, ತುಪ್ಪದ ಸಸ್ಯಾಹಾರಿ ತನ್ನ ಕೈಗೆ ರಕ್ತ ಅಂಟಿಲ್ಲವೆಂದುಕೊಳ್ಳುವುದು ಈ ಕರುವನ್ನು ಲೆಕ್ಕಕ್ಕೆ ಹಿಡಿಯದಿದ್ದಾಗ ಮಾತ್ರ ಸಾಧ್ಯ.

ಇಷ್ಟು ಹೇಳಿದರೆ ಎದುರುಮಾತು ಬಂದೇ ಬರುತ್ತದೆ. ಎಷ್ಟು ಪ್ರೀತಿಯಿಂದ ಸಾಕಿದರೂ ಕೊನೆಗೆ ಕೊಲ್ಲುವುದೇ ಅಲ್ಲವೇ, ಕರುಣೆಯ ಮಾಂಸ ಎಂಬುದೇ ಸೋಗಲ್ಲವೇ ಎನ್ನುವವರಿದ್ದಾರೆ. ಕೊಲೆ ಕೊಲೆಯೇ, ಒಪ್ಪುತ್ತೇನೆ. ಆದರೆ ಅಂಗಳದಲ್ಲಿ ಕೆದಕುತ್ತ, ಕಾವು ಕೂತು, ಮರಿಗಳನ್ನು ಕರೆದೊಯ್ದ ಹೇಂಟೆಗೂ ತಂತಿಯ ಮೇಲೆ ಆಯಸ್ಸು ಸವೆಸಿದ ಹೇಂಟೆಗೂ ಸಾವು ಒಂದೇ ಆದರೂ ಬಾಳು ಒಂದೇ ಅಲ್ಲ. ಆ ವ್ಯತ್ಯಾಸ ನಮಗೆ ಸಣ್ಣದೆನಿಸಿದರೂ ಹೇಂಟೆಗೆ ಅದೇ ಸರ್ವಸ್ವ. ಎರಡನೆಯ ಎದುರುಮಾತು ಹೀಗೆ ಅಂಗಳದಲ್ಲಿ ಬೆಳೆದ ನಾಟಿಕೋಳಿಯ ಬೆಲೆಯದು. ಅದು ದುಬಾರಿ, ಮೇಲಾಗಿ ನಗರದಲ್ಲಿ ಆ ಹೆಸರಿನಲ್ಲಿ ಬಣ್ಣದ ಫಾರಂ ಕೋಳಿಯನ್ನೂ ಮಾರುತ್ತಾರೆ. ಯುರೋಪಿನಲ್ಲಿ ಮೊಟ್ಟೆಯ ಮೇಲೆ ಒತ್ತಿರುವ ಅಂಕಿಯಿಂದ ಅದು ಪಂಜರದ್ದೋ ಬಯಲಿನದ್ದೋ ಗೊತ್ತಾಗುತ್ತದೆ. ಇಲ್ಲಿ ಕೊಳ್ಳುವವರಿಗೆ ಅಂಗಡಿಯವನ ಮಾತೇ ಗತಿ. ಕಾಸಿದ್ದವರ ಆತ್ಮಸಾಕ್ಷಿಯನ್ನೇ ನೆಚ್ಚಿದ ನೀತಿ ಹೆಚ್ಚು ದೂರ ಹೋಗದು ಎಂಬ ಟೀಕೆಯಲ್ಲಿ ಹುರುಳಿದೆ. ಮೂರನೆಯದು ಎಲ್ಲಕ್ಕಿಂತ ತೂಕದ್ದು: ಬಾಡಿನ ಬಗ್ಗೆ ಉಪದೇಶ ನಮ್ಮಲ್ಲಿ ಜಾತಿಯ ಬಾಯಿಂದಲೇ ಬಂದದ್ದು ಹೆಚ್ಚು. ತಿಂಗಳಿಗೊಮ್ಮೆ ಮಾಂಸ ಕಾಣುವ ಮನೆಗೆ ಕಡಿಮೆ ತಿನ್ನಿ ಎನ್ನುವುದು ಅಧಿಕಪ್ರಸಂಗ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ಅಪೌಷ್ಟಿಕತೆ ಅಷ್ಟಿರುವ ಕಡೆ ಆ ಮೊಟ್ಟೆ ಬೇಕೇ ಬೇಕು. ಅದನ್ನು ಕಸಿದುಕೊಳ್ಳುವ ಅಹಿಂಸೆ ನನಗೆ ಬೇಡ.

ಹಾಗೆಂದು ಅದೇ ಮೊಟ್ಟೆ ಪಂಜರದಿಂದಲೇ ಬರಬೇಕೆಂದೇನಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಂದಿಗೆ ವಾರದ ಆರೂ ದಿನ ಮೊಟ್ಟೆ ಕೊಡುವ ಯೋಜನೆ ಬಂದಮೇಲೆ ರಾಜ್ಯದ ಶಾಲೆಗಳೇ ಮೊಟ್ಟೆಯ ದೊಡ್ಡ ಗಿರಾಕಿ. ಮನೆಮನೆಯ ನಾಟಿ ಹೇಂಟೆಗಳಿಂದ ಇಷ್ಟು ಬೇಡಿಕೆ ಪೂರೈಸಲಾಗದು, ಅವು ಪಂಜರದ ಕೋಳಿಯ ಕಾಲುಭಾಗದಷ್ಟೂ ಇಡುವುದು ಅಪರೂಪ. ಆದರೆ ಹೊಟ್ಟು ಹಾಸಿದ ನೆಲದ ಶೆಡ್ಡಿನಲ್ಲಿ, ಗೂಡು ಮತ್ತು ಕೂರಲು ಅಡ್ಡಕೋಲುಗಳನ್ನಿಟ್ಟು ಲೇಯರ್ ತಳಿಯನ್ನೇ ಸಾಕಬಹುದು. ಬೆಂಗಳೂರಿನ ವಿಜ್ಞಾನಿಗಳು ಹಳ್ಳಿಯ ಅಂಗಳಕ್ಕೆಂದೇ ರೂಪಿಸಿದ ಗಿರಿರಾಜ, ಸ್ವರ್ಣಧಾರೆ ತಳಿಗಳೂ ಇವೆ. ಖರ್ಚು ಮೊಟ್ಟೆಗೆ ಒಂದಿಷ್ಟು ಏರುತ್ತದೆ. ಅದನ್ನು ಭರಿಸಬೇಕಾದದ್ದು ಖಜಾನೆ, ಮಗುವಿನ ಮನೆಯಲ್ಲ. ಬಿಸಿಯೂಟದ ಮೊಟ್ಟೆಯನ್ನು ವಿರೋಧಿಸಿದವರಲ್ಲಿ ನಿಜಕ್ಕೂ ಕೋಳಿಯ ಸಂಕಟಕ್ಕೆ ಮರುಗಿದವರು ಇದ್ದರೆ, ಮೊಟ್ಟೆಯೇ ಬೇಡವೆಂದು ಹಠ ಹಿಡಿಯುವ ಬದಲು ಈ ಹೆಚ್ಚುವರಿ ದರ ಎಷ್ಟಾದೀತೆಂದು ಅವರು ಸರ್ಕಾರವನ್ನು ಕೇಳಬಹುದಿತ್ತು.